ಸಿಗದ ದಿಕ್ಕಿನ ಪೇಡೆ

ನಮ್ಮ ಹಳಿಯಾಳದ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಪೇಡೆಯ ಡಬ್ಬಿ ತೆರೆಯಿತೆಂದರೆ ಅದಕ್ಕೆ ಅರ್ಥಗಳು ಹೆಚ್ಚಿಲ್ಲ. ಮದುವೆ ಗೊತ್ತಾಗಿರಬೇಕು, ಮಗು ಹುಟ್ಟಿರಬೇಕು, ಇಲ್ಲವೇ ಉಳಿದವರು ಹೊಟ್ಟೆ ಉರಿದುಕೊಳ್ಳುವಂಥ ಕಡೆ ಯಾರೋ ಸೈಟು ಕೊಂಡಿರಬೇಕು. ಹಾಗಾಗಿ ಭೌತಶಾಸ್ತ್ರದ ಮೇಡಂ ಒಂದು ಬೆಳಿಗ್ಗೆ ಧಾರವಾಡ ಪೇಡೆಯ ಡಬ್ಬಿ ಹಿಡಿದು ಒಳಗೆ ಬಂದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅವರಿಗೆ ಮದುವೆಯಾಗಿರಲಿಲ್ಲ. ವಯಸ್ಸು ನಮ್ಮ ಕಡೆಯವರು ದನಿ ತಗ್ಗಿಸಿ ಮಾತಾಡುವಷ್ಟು ಆಗಿತ್ತು. ಲೆಕ್ಕ ಸರಳವಾಗಿತ್ತು.

"ಯಾವೂರ ವರಾ ರೀ ಮೇಡಂ?" ಎಂದರು ಅರ್ಥಶಾಸ್ತ್ರದವರು, ಪೇಡೆ ಬಾಯಿಗೆ ಹಾಕಿಕೊಳ್ಳುತ್ತಲೇ.

"ವರ ಅಲ್ರಿ. ರಿಸಲ್ಟ್ ಬಂದೈತಿ."

"ಪಿಎಚ್‌ಡಿ ಆತೇನ್ರಿ?"

"ನಂದಲ್ರಿ. ದೂರದ ದೇಶದಾಗ ಒಂದು ಪ್ರಯೋಗ ಮಾಡಿದ್ರು. ಗುರುತ್ವಾಕರ್ಷಣಿ ಐತೆಲ್ಲ, ಅದು ನಮಗ ಕಾಣದ ಇನ್ನೊಂದು ದಿಕ್ಕಿಗೆ ಸೋರತೈತೇನು ಅಂತ ನೋಡಿದ್ರು."

"ಸೋರತೈತಂತ?"

"ಇಲ್ಲಂತ. ಆ ದಿಕ್ಕು ಸಿಗಲಿಲ್ಲ. ತಗೋರಿ, ಇನ್ನೊಂದು ತಗೋರಿ."

ಸ್ಟಾಫ್ ರೂಮಿನಲ್ಲಿ ಅಗಿಯುವ ಸದ್ದು ನಿಂತಿತು. ಸಿಕ್ಕದ್ದಕ್ಕೆ ಸಿಹಿ ಹಂಚುವವರನ್ನು ಕಂಡಿದ್ದೆವು, ಸಿಗದೇ ಇದ್ದದ್ದಕ್ಕೆ ಹಂಚಿದವರನ್ನು ಕಂಡಿರಲಿಲ್ಲ. ಮೇಡಂ ಕ್ಲಾಸಿಗೆ ಹೋದ ಮೇಲೆ ಎಲ್ಲರೂ ಕೂಡಿ ತೀರ್ಮಾನಿಸಿದರು: ವರ ಗೊತ್ತಾಗಿದ್ದಾನೆ, ನಾಚಿಕೆಗೆ ಹೀಗೆ ಹೇಳುತ್ತಿದ್ದಾರೆ. ಕನ್ನಡ ಪಾಠ ಮಾಡುವ ನಾನೂ ತಲೆಯಾಡಿಸಿದೆ. ನನಗೆ ವಿಜ್ಞಾನವೆಂದರೆ ಫ್ಯೂಸ್ ಹೋದಾಗ ಲೈನ್‌ಮನ್‌ಗೆ ಫೋನ್ ಮಾಡುವುದು, ಅಷ್ಟೇ.

ಅವರೂ ನಾನೂ ದಾಂಡೇಲಿಯವರು. ದಿನಾ ಒಂದೇ ಬಸ್ಸಿನಲ್ಲಿ ಹಳಿಯಾಳಕ್ಕೆ ಹೋಗಿ ಬರುವವರು. ಆ ಸಂಜೆ ಬಸ್ಸು ದಾಂಡೇಲಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ನನ್ನ ಹೆಂಡತಿ ರವಿಕೆಯ ಬಟ್ಟೆ, ಅಂದರೆ ಕುಬಸದ ಕಣ, ಎಲೆ ಅಡಿಕೆ ತಾಟಿನಲ್ಲಿಟ್ಟುಕೊಂಡು ತಯಾರಾಗಿ ನಿಂತಿದ್ದಳು. ತಡೆಯೆಂದರೂ ಕೇಳಲಿಲ್ಲ, ಇಬ್ಬರೂ ಅವರ ಮನೆಗೆ ಹೋದೆವು. ಓಣಿಯ ಹೆಂಗಸರು ಆಗಲೇ ಪಡಸಾಲೆಯಲ್ಲಿ ಕೂತಿದ್ದರು. ಮೇಡಂ ಅವರ ತಾಯಿ, ನಾವೆಲ್ಲ ಅವ್ವಾರು ಎಂದು ಕರೆಯುತ್ತಿದ್ದವರು, ಟ್ರಂಕಿನಿಂದ ತೆಗೆದ ಇಳಕಲ್ ಸೀರೆ ಉಟ್ಟು ಬಂದವರಿಗೆ ಮಂಡಕ್ಕಿ ನೆನೆಸಿ ಸುಸಲಾ ಮಾಡಲು ಒಗ್ಗರಣೆ ಹಾಕುತ್ತಿದ್ದರು. ಆ ಸೀರೆಯ ಮಡಿಕೆಯ ಗೆರೆಗಳು ಇನ್ನೂ ಹಾಗೇ ಇದ್ದವು.

ಮೇಡಂ ಅಡುಗೆಮನೆಯ ಬಾಗಿಲಲ್ಲಿ ನಿಂತರು. "ಅವ್ವಾ, ವರ ಇಲ್ಲ" ಎಂದರು.

"ಮತ್ತ ಪೇಡೆ?"

"ಹೇಳ್ತೇನಿ ಕೇಳು. ಈ ಒಗ್ಗರಣಿ ಘಾಟು ಒಲಿ ಹತ್ರ ಎಷ್ಟೈತಿ, ಪಡಸಾಲಿಗೆ ಬರೂದ್ರಾಗ ಯಾಕ ಕಡಿಮಿ ಆಗತೈತಿ?"

"ಹರಡತೈತಿ, ಅದಕ್ಕ."

"ಹಿತ್ತಲ ಬಾಗಲಾ ತೆರದಿದ್ರ?"

"ಇನ್ನೂ ಕಡಿಮಿ ಆಗತೈತಿ. ಅತ್ತಾಗೂ ಹೋಗತೈತಲ್ಲ."

"ಪಡಸಾಲ್ಯಾಗ ಕೂತವರಿಗೆ ಹಿತ್ತಲ ಬಾಗಲಾ ಕಾಣೂದಿಲ್ಲ. ಆದ್ರ ಘಾಟು ಇರಬೇಕಾದಷ್ಟು ಇಲ್ಲ ಅಂದ್ರ, ಎಲ್ಲೋ ಒಂದು ಬಾಗಲಾ ತೆರದಿರಬೇಕು ಅಂತ ಗೊತ್ತಾಗತೈತಿ. ಹೌದಲ್ಲೋ? ಭೂಮಿ ಎಲ್ಲಾನೂ ಎಳೀತೈತೆಲ್ಲ, ಆ ಎಳೆತ ಭಾಳ ಕಮ್ಮಿ ಐತವ್ವಾ, ಇರಬೇಕಾದಷ್ಟು ಇಲ್ಲ. ಅದಕ್ಕ ಜಗತ್ತಿಗೂ ಒಂದು ಹಿತ್ತಲ ಬಾಗಲಾ ಐತೇನು ಅಂತ ಹುಡಕಾಕತ್ತಾರ. ಅದು ಈ ಸಲ ಸಿಗಲಿಲ್ಲ."

ಅವ್ವಾರು ಸೌಟು ಹಿಡಿದು ಮಗಳನ್ನೇ ನೋಡಿದರು. "ಅದಕ್ಕೂ ನಿನ್ನ ಮದವಿಗೂ ಏನವ್ವಾ ಸಂಬಂಧ?"

"ಏನೂ ಇಲ್ಲ. ಅದನ್ನ ಹೇಳಾಕತ್ತೇನಿ."

ಅವ್ವಾರು ಸೆರಗಿನಿಂದ ಕಣ್ಣೊರೆಸಿಕೊಂಡು ಮೆಣಸಿನಕಾಯಿ ಭಾಳ ಖಾರ ಅದಾವ ಅಂದರು. ಬಂದವರಿಗೆ ಸುಸಲಾ ಸಿಕ್ಕಿತು, ವರ ಸಿಗಲಿಲ್ಲ. ನನ್ನ ಹೆಂಡತಿ ಮಾತ್ರ ತಂದ ಕುಬಸದ ಕಣವನ್ನು ವಾಪಸು ತರಬಾರದೆಂದು ಅವ್ವಾರ ಕೈಗೇ ಕೊಟ್ಟು ಬಂದಳು.

ಮೇಡಂ ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಮ್ಮೆ ಕಾಲೇಜಿನ ವಾರ್ಷಿಕ ಸಂಚಿಕೆಗೆ ಅವರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಕರೆದು ಬೈದರು. "ಹೆಸರ ಬರದ್ರ ಮಂದಿ ನನ್ನ ನೋಡ್ತಾರ ಸರ. ನಾ ಬಟ್ಟು ಮಾಡಿ ತೋರಿಸಿದ್ದನ್ನ ನೋಡೂದಿಲ್ಲ" ಎಂದಿದ್ದರು. ಆ ಬೈಗುಳಕ್ಕೆ ಇಂದಿಗೂ ಹೆದರುತ್ತೇನೆ.

ಕುಳ್ಳಗೆ, ಸಣ್ಣಗೆ ಇದ್ದರು. ಬೇಸಿಗೆಯಲ್ಲೂ ಕೊಡೆ ಬಿಡುತ್ತಿರಲಿಲ್ಲ. ವ್ಯಾನಿಟಿ ಬ್ಯಾಗಿನಲ್ಲಿ ಕುಂಕುಮದ ಡಬ್ಬಿಯ ಪಕ್ಕದಲ್ಲಿ ಒಂದು ಅಯಸ್ಕಾಂತದ ತುಂಡು, ಒಂದು ಗುಂಡುಸೂಜಿ ಇರುತ್ತಿದ್ದವು. ಹೊಸ ಬ್ಯಾಚಿನ ಮೊದಲ ದಿನ ಸೂಜಿಯನ್ನು ಮೇಜಿನ ಮೇಲಿಟ್ಟು ಅಯಸ್ಕಾಂತದಿಂದ ಎತ್ತಿ ಹಿಡಿಯುತ್ತಿದ್ದರು. "ಕೆಳಗ ಇಡೀ ಭೂಮಿ ಜಗ್ಗಾಕತ್ತೈತಿ, ಕಾಳೀ ನದಿ, ಅಣಶಿ ಘಟ್ಟ, ಹಿಮಾಲಯ ಎಲ್ಲಾ ಕೂಡಿ. ಮ್ಯಾಲ ಈ ಹುಣಸಿಬೀಜದಷ್ಟು ಕಬ್ಬಿಣ. ಗೆದ್ದವರು ಯಾರು?" ಹುಡುಗರು ನಗುತ್ತಿದ್ದರು. ಮೇಡಂ ನಗುತ್ತಿರಲಿಲ್ಲ. "ಗುರುತ್ವ ಇಷ್ಟ್ಯಾಕ ಬಡವ ಆತು? ಇದಕ್ಕ ಉತ್ತರ ನನಗೂ ಗೊತ್ತಿಲ್ಲ, ಪುಸ್ತಕ ಬರದವರಿಗೂ ಗೊತ್ತಿಲ್ಲ. ಈಗ ಪುಸ್ತಕ ತಗೀರಿ" ಎನ್ನುತ್ತಿದ್ದರು.

ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರಿಸುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡುವುದು ಅವರ ಅಭ್ಯಾಸ. ಹಿಂದೆ ಗೋಡೆ ಇರುತ್ತಿತ್ತು, ಇಲ್ಲವೇ ಕರಿಹಲಗೆ. ಆದರೂ ನೋಡುತ್ತಿದ್ದರು. ಹುಡುಗರು ಅದಕ್ಕೆ "ಮೇಡಂ ಹಿತ್ತಲ ಬಾಗಲಾ ನೋಡಿ ಬರ್ತಾರ" ಎಂದು ಹೆಸರಿಟ್ಟಿದ್ದರು. ತರಕಾರಿ ಮಾರುವವಳು "ಬದನಿಕಾಯಿ ಕೊಡ್ಲೆ?" ಅಂದಾಗಲೂ ಹಿಂದೆ ನೋಡಿಯೇ "ಕೊಡು" ಎಂದದ್ದನ್ನು ನಾನು ಸಂತೆಯಲ್ಲಿ ಕಣ್ಣಾರೆ ಕಂಡಿದ್ದೇನೆ.

ತಂದೆ ಧಾರವಾಡ ಸೀಮೆಯಿಂದ ಬಂದು ದಾಂಡೇಲಿಯ ಕಾಗದದ ಗಿರಣಿಯಲ್ಲಿ ಕೆಲಸಕ್ಕಿದ್ದವರು. ಗಿರಣಿಯವರ ಮನೆಗಳಲ್ಲಿ ಬೇರೆ ಏನಿಲ್ಲದಿದ್ದರೂ ಕಾಗದಕ್ಕೆ ಬರವಿರಲಿಲ್ಲ, ಅಲ್ಲಿ ಕತ್ತರಿಸಿ ಉಳಿದ ಹಾಳೆಗಳ ಮೇಲೆ ಮಕ್ಕಳು ಉರುಳಾಡಿ ಬೆಳೆದವರು. ಆ ಸಲಿಗೆ ಇವರ ಕೈಯಲ್ಲಿ ಉಳಿದಿತ್ತು. ಕಾಣದ ದಿಕ್ಕು ಎಲ್ಲಿದೆ ಎಂದು ನಾನು ಬಸ್ಸಿನಲ್ಲಿ ಹಟ ಹಿಡಿದು ಕೇಳಿದಾಗ ಒಂದು ಹಾಳೆಯನ್ನು ಸುತ್ತಿ ಸುತ್ತಿ ಊದಿನಕಡ್ಡಿಯಷ್ಟು ಸಣ್ಣ ಮಾಡಿ ತೋರಿಸಿದರು. "ಇದರ ಅಗಲ ಎಲ್ಲಿ ಹೋತು ಸರ? ಎಲ್ಲೂ ಹೋಗಿಲ್ಲ, ಒಳಗ ಸುತಗೊಂಡು ಕೂತೈತಿ. ದೂರಿಂದ ನೋಡಿದವರಿಗೆ ಬರೇ ಗೆರಿ. ಭಾಳ ಹತ್ರ ಹೋದವರಿಗಷ್ಟ ಅಗಲ."

ಅವರು ಹೇಳಿ ಹೇಳಿ ನನ್ನಂಥವನ ತಲೆಗೂ ಇಳಿದದ್ದು ಇಷ್ಟು. ಉದ್ದ, ಅಗಲ, ಎತ್ತರ ಎಂಬ ನಮ್ಮ ಮೂರು ದಿಕ್ಕಿನ ಜಗತ್ತಿನಲ್ಲಿ ಎರಡು ವಸ್ತುಗಳ ದೂರ ಎರಡು ಪಟ್ಟಾದರೆ ಅವುಗಳ ಎಳೆತ ಕಾಲು ಭಾಗಕ್ಕೆ ಇಳಿಯುತ್ತದೆ. ನಾಲ್ಕನೆಯ ದಿಕ್ಕೊಂದಿದ್ದು ಎಳೆತ ಅತ್ತಲೂ ಹರಡಿದರೆ ಎಂಟರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಹತ್ತಿರ ಬಂದಾಗ ಅಷ್ಟೇ ರಭಸದಲ್ಲಿ ಏರುತ್ತದೆ. ಆ ದಿಕ್ಕು ಸುತ್ತಿಕೊಂಡು ಸಣ್ಣದಾಗಿದ್ದರೆ ಅಷ್ಟೇ ಸಣ್ಣ ದೂರದಲ್ಲಿ ಅಳೆದಾಗ ಮಾತ್ರ ಈ ವ್ಯತ್ಯಾಸ ಕಂಡೀತು. ಅದಕ್ಕೇ ಎಲ್ಲೆಲ್ಲಿಯೋ ಜನ ನೆಲಮಾಳಿಗೆಗಳಲ್ಲಿ ಕೂತು, ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಎರಡು ತಟ್ಟೆಗಳನ್ನಿಟ್ಟು, ಒಂದು ಇನ್ನೊಂದನ್ನು ಎಷ್ಟು ಎಳೆಯುತ್ತದೆ ಎಂದು ಉಸಿರು ಬಿಗಿಹಿಡಿದು ನೋಡುತ್ತಿದ್ದಾರೆ. ದಿಕ್ಕು ದೊಡ್ಡದಾಗಿಯೇ ಇರಬಹುದಲ್ಲ ಎಂದರೆ ಮೇಡಂ ಕೈ ಮುಗಿಯುತ್ತಿದ್ದರು. "ಬ್ಯಾಡ್ರಿ ಸರ. ದೊಡ್ಡದಿದ್ರ ಭೂಮಿ ಸೂರ್ಯನ ಸುತ್ತ ಬಾಳೇ ಮಾಡತಿರಲಿಲ್ಲ. ಒಂಚೂರು ನೂಕಿದ್ರ ಒಳಗ ಬೀಳತಿತ್ತು, ಇಲ್ಲಾ ಬಿಟ್ಟ ಹೋಗತಿತ್ತು. ನೀವೂ ಇರತಿರಲಿಲ್ಲ, ನಿಮ್ಮ ವ್ಯಾಕರಣಾನೂ ಇರತಿರಲಿಲ್ಲ."

ಧಾರವಾಡದಲ್ಲಿ ಈ ವಿಷಯದ ಮೇಲೆಯೇ ಸಂಶೋಧನೆಗೆ ಕೂತಿದ್ದರು. ತಂದೆ ತೀರಿಕೊಂಡಾಗ ತಮ್ಮ ಇನ್ನೂ ಶಾಲೆಯಲ್ಲಿದ್ದ, ನೌಕರಿ ಹಿಡಿದರು. ಅರ್ಧಕ್ಕೆ ಬಿಟ್ಟಿರಲ್ಲ ಎಂದು ಯಾರೋ ಮರುಗಿದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಬಿಟ್ಟಿಲ್ಲ. ಬಸ್ಸಿನ್ಯಾಗ ಮಾಡ್ತೇನಿ." ಅದು ನಿಜ. ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚುತ್ತಿದ್ದರು, ಕಂಡಕ್ಟರು ನಿದ್ದೆಯೆಂದು ಟಿಕೆಟ್ಟು ಕೇಳದೆ ಮುಂದೆ ಹೋಗುತ್ತಿದ್ದ. ತುಟಿ ಮಾತ್ರ ಅಲುಗುತ್ತಿತ್ತು. ಜಪ ಮಾಡುತ್ತಾರೆಂದು ಪಕ್ಕದ ಸೀಟಿನ ಮುದುಕಿಯರು ಅವರಿಗೆ ಗೌರವದಿಂದ ಜಾಗ ಬಿಡುತ್ತಿದ್ದರು.

ಪೇಡೆಯ ವಿಷಯಕ್ಕೆ ಬರುತ್ತೇನೆ. ಮೊದಲ ಸಲದ ಗದ್ದಲದಿಂದ ಬುದ್ಧಿ ಕಲಿತರೆಂದು ನಾವು ತಿಳಿದರೆ ತಪ್ಪಾಯಿತು. ಪ್ರಯೋಗದವರು ಇನ್ನಷ್ಟು ಹತ್ತಿರ ಹೋಗಿ ಅಳೆದರು, ಹಳೆಯ ನಿಯಮವೇ ಸರಿ ಬಂತು, ದಿಕ್ಕು ಸಿಗಲಿಲ್ಲ: ಪೇಡೆ. ಮತ್ತೆಲ್ಲೋ ದೊಡ್ಡ ಯಂತ್ರದಲ್ಲಿ ಕಣಗಳನ್ನು ಡಿಕ್ಕಿ ಹೊಡೆಸಿ ಹುಡುಕಿದರು, ಸಿಗಲಿಲ್ಲ: ಪೇಡೆ. ಆಕಾಶದಲ್ಲಿ ಎರಡು ಸತ್ತ ನಕ್ಷತ್ರಗಳು ಒಂದಕ್ಕೊಂದು ಬಡಿದ ಸುದ್ದಿ ಬಂದಾಗಲಂತೂ ಅವರು ವಾರಗಟ್ಟಲೆ ನೆಲದ ಮೇಲೆ ಇರಲಿಲ್ಲ. ಅಲ್ಲಿಂದ ಬೆಳಕೂ ಬಂತು, ಗುರುತ್ವದ ಅಲೆಯೂ ಬಂತು. ದಾರಿಯಲ್ಲಿ ಅಲೆ ಎಲ್ಲಾದರೂ ಸೋರಿದ್ದರೆ ದುರ್ಬಲವಾಗಿ ಮುಟ್ಟಬೇಕಿತ್ತು. ಇರಬೇಕಾದಷ್ಟೇ ಬಲವಾಗಿ ಮುಟ್ಟಿದೆ ಎಂದು ತಿಳಿದ ದಿನ ಪೇಡೆಯ ಡಬ್ಬಿ ತಂದು ಮೇಜಿನ ಮೇಲಿಟ್ಟರು. ಅವತ್ತು ಅವರು ಒಂದೂ ತಿನ್ನಲಿಲ್ಲ.

"ಸಿಕ್ಕ ದಿನಾನೂ ಪೇಡೇನ ಏನ್ರಿ?" ಎಂದು ಅರ್ಥಶಾಸ್ತ್ರದವರು ಕೆಣಕಿದರು.

ಮೇಡಂ ಹಿಂದೆ ತಿರುಗಿ ನೋಡಿ ಈ ಕಡೆ ತಿರುಗಿದರು. "ಸಿಕ್ಕ ದಿನ ಪೇಡೆ ಅಲ್ರಿ. ಹೋಳಿಗಿ ಊಟ. ಇಡೀ ಕಾಲೇಜಿಗೆ. ಕಟ್ಟಿನ ಸಾರು, ಮ್ಯಾಲ ಬೇಕಾದಷ್ಟು ತುಪ್ಪ. ಅಲ್ಲೀತನಾ ನಮ್ಮ ಮನ್ಯಾಗ ಹೋಳಿಗಿ ಮಾಡೂದಿಲ್ಲ."

ಮಾತಿಗೆ ಹೇಳಿದ್ದಲ್ಲ. ಯುಗಾದಿಗೂ ಅವರ ಮನೆಯಲ್ಲಿ ಶಾವಿಗೆ ಪಾಯಸ. ಹೋಳಿ ಹುಣ್ಣಿಮೆಗೆ ಹೋಳಿಗೆ ಮಾಡದ ಮನೆ ಯಾವುದೆಂದರೆ ದಾಂಡೇಲಿಯಲ್ಲಿ ಅದೊಂದೇ ಎಂದು ನನ್ನ ಹೆಂಡತಿ ಇಂದಿಗೂ ಆಡಿಕೊಳ್ಳುತ್ತಾಳೆ.

ಅದೇ ಅರ್ಥಶಾಸ್ತ್ರದವರು ಮಾವ ತೀರಿಕೊಂಡು ಹದಿನೈದು ದಿನವಾಗಿದ್ದಾಗ ಮೆಲ್ಲಗೆ ಕೇಳಿದ್ದುಂಟು: "ಹಂಗಾರ ಸತ್ತವರ ಆತ್ಮ ಆ ಕಾಣದ ದಿಕ್ಕಿನ್ಯಾಗ ಇರ್ತಾವೇನ್ರಿ ಮೇಡಂ?" ಮೇಡಂ ಮುಖ ಕೆಂಪಗಾಯಿತು. "ಆ ದಿಕ್ಕು ಇದ್ರೂ ಅಲ್ಲಿಗೆ ಗುರುತ್ವಕ್ಕಷ್ಟ ದಾರಿ ರೀ. ಬೆಳಕಿಗೂ ಇಲ್ಲ. ನಿಮ್ಮ ಮಾವನವರಿಗೆ ಟಿಕೆಟ್ ಸಿಗೂದಿಲ್ಲ." ಸಾವಿನ ಮನೆಯವನಿಗೆ ಹೀಗೆ ಹೇಳಬಾರದಿತ್ತು. ಮಧ್ಯಾಹ್ನ ತಾವೇ ಹೋಗಿ ಅವರ ಡಬ್ಬಿಗೆ ತಮ್ಮ ಶೇಂಗಾ ಚಟ್ನಿ ಬಡಿಸಿ ಬಂದರು. ಆದರೆ ಮಾತು ವಾಪಸು ತೆಗೆದುಕೊಳ್ಳಲಿಲ್ಲ. ಗೊತ್ತಿಲ್ಲದ ಜಾಗ ಕಂಡರೆ ಜನ ತಮಗೆ ಬೇಕಾದದ್ದನ್ನೆಲ್ಲ ಒಯ್ದು ಅಲ್ಲಿಡುತ್ತಾರೆ ಎಂಬುದು ಅವರ ದೊಡ್ಡ ದೂರು.

ಅವರನ್ನು ನಾನು ನಿಜವಾಗಿ ಅರಿತದ್ದು ಮುಂಡಗೋಡದಲ್ಲಿ. ಟಿಬೆಟನ್ ಕಾಲೊನಿಯ ಮಠವೊಂದರಲ್ಲಿ ಭಿಕ್ಷುಗಳು ವಿಜ್ಞಾನ ಕಲಿಯುತ್ತಿದ್ದರು, ರಜೆಯಲ್ಲಿ ಇವರು ಪಾಠಕ್ಕೆ ಹೋಗುತ್ತಿದ್ದರು. ಒಂದು ಸಲ ನಾನೂ ಜೊತೆಗೆ ಹೊರಟೆ, ಕಲಘಟಗಿಯಲ್ಲಿ ಬಸ್ಸು ಬದಲಿಸಿ. ಮೆಕ್ಕೆಜೋಳದ ಹೊಲಗಳ ನಡುವೆ ಬಂಗಾರದ ಬಣ್ಣದ ಛಾವಣಿ ಕಂಡಾಗ ಅವರು ಶಾಲೆಯ ಹುಡುಗಿಯ ಹಾಗೆ ಸೀಟಿನಿಂದ ಎದ್ದು ನಿಂತರು.

ಅಲ್ಲಿಯ ಭಿಕ್ಷುಗಳಿಗೆ ವಾದ ಮಾಡುವ ಒಂದು ಪದ್ಧತಿಯಿದೆ. ಉತ್ತರ ಹೇಳುವವನು ಅಂಗಳದಲ್ಲಿ ನೆಲದ ಮೇಲೆ ಕೂರುತ್ತಾನೆ. ಪ್ರಶ್ನೆ ಕೇಳುವವನು ಎದುರು ನಿಂತು, ಪ್ರತಿ ಪ್ರಶ್ನೆಯ ಕೊನೆಗೆ ಕಾಲು ನೆಲಕ್ಕೆ ಒದ್ದು, ಅವನ ಮುಖದ ಮುಂದೆಯೇ ಚಟಾರೆಂದು ಚಪ್ಪಾಳೆ ತಟ್ಟುತ್ತಾನೆ. ಹೊಸಬರಿಗೆ ಜಗಳವೆಂದೇ ಅನಿಸಬೇಕು. ಪಾಠ ಮುಗಿದ ಮೇಲೆ ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ನೆಲದ ಮೇಲೆ ಕೂತುಬಿಟ್ಟರು. "ಕೇಳ್ರಿ" ಎಂದರು.

ಒಬ್ಬ ಹಿರಿಯ ಭಿಕ್ಷು ಎದ್ದರು. ಕಾಲೊನಿಯಲ್ಲೇ ಹುಟ್ಟಿ ಬೆಳೆದವರು, ಮುಂಡಗೋಡದ ಸಂತೆಯ ಕನ್ನಡ ಅವರಿಗೆ ನೀರು ಕುಡಿದಷ್ಟು ಸಲೀಸು.

"ಮೇಡಂ, ಹುಡುಕಿದ್ರಿ. ಸಿಗಲಿಲ್ಲ. ಆದ್ರೂ ಐತಿ ಅಂತೀರಿ?" ಚಟಾರ್.

"ಐತಿ ಅನ್ನೂದಿಲ್ರಿ. ಇರಬಹುದು ಅಂತೇನಿ."

"ಹಂಗಾದ್ರ ಈ ಅಂಗಳದಾಗ ದೆವ್ವಾನೂ ಇರಬಹುದು?" ಚಟಾರ್.

ಸುತ್ತಲಿನ ಭಿಕ್ಷುಗಳು ಹೋ ಎಂದು ನಕ್ಕರು. ಮೇಡಂ ಹಿಂದೆ ತಿರುಗಿ ನೋಡಿದರು, ಈ ಸಲ ಹಿಂದೆ ಒಂದು ನಾಯಿ ಮಲಗಿತ್ತು. "ದೆವ್ವಾ ಎಷ್ಟು ದೊಡ್ಡದು, ಎಷ್ಟು ಹತ್ರ ಹೋದ್ರ ಕಾಣತೈತಿ ಹೇಳ್ರಿ. ಹೇಳಿದ್ರ ಹುಡುಕೂಣು. ಕಾಣಬೇಕಾದಲ್ಲಿ ಕಾಣಲಿಲ್ಲ ಅಂದ್ರ ಇಲ್ಲ ಅನ್ನೂಣು. ನನ್ನ ದಿಕ್ಕು ಕೂದಲೆಳಿಯಷ್ಟು ದಪ್ಪ ಇದ್ದಿದ್ರ ಕಾಣಬೇಕಾಗಿತ್ತು. ಕಂಡಿಲ್ಲ. ಅಷ್ಟು ದಪ್ಪಂದು ಇಲ್ಲ, ಮುಗೀತು. ಅದಕ್ಕಿಂತ ಸಣ್ಣದು, ಅದರ ಮಾತು ನನಗ ಗೊತ್ತಿಲ್ಲ."

ಭಿಕ್ಷುವಿನ ಮುಖ ಅರಳಿತು. ತಮ್ಮ ತರ್ಕದಲ್ಲೂ ಹೀಗೇ ಹೇಳಿದೆ ಎಂದರು: ಕಾಣಬಹುದಾದದ್ದು ಕಾಣದಿದ್ದರೆ ಇಲ್ಲವೆನ್ನಬಹುದು, ಕಾಣಲಾಗದ್ದು ಕಾಣದಿದ್ದರೆ ಸಂಶಯದಲ್ಲೇ ಉಳಿಯಬೇಕು. ಇಲ್ಲಿಗೆ ಮುಗಿಯಿತೆಂದು ನಾನು ಎದ್ದೆ. ಅವರು ಮತ್ತೆ ಕಾಲೆತ್ತಿದರು.

"ಒಂದು ಸಲ ಸಿಗಲಿಲ್ಲ, ಇನ್ನೂ ಸಣ್ಣದು ಅಂದ್ರಿ. ಮತ್ತ ಸಿಗಲಿಲ್ಲ, ಮತ್ತೂ ಸಣ್ಣದು ಅಂದ್ರಿ. ಯಾವತ್ತು ಬಿಡ್ತೀರಿ?" ಚಟಾರ್.

ಮೇಡಂ ಹಿಂದೆ ನೋಡಲಿಲ್ಲ. ನೆಲ ನೋಡಿದರು. ಉತ್ತರ ಬರಲೇ ಇಲ್ಲ. ಭಿಕ್ಷು ಕಾದರು, ಆಮೇಲೆ ಕೈ ಮುಗಿದು ಅವರ ಪಕ್ಕದಲ್ಲೇ ನೆಲಕ್ಕೆ ಕೂತರು. ಇಬ್ಬರಿಗೂ ಬೆಣ್ಣೆ ಚಹಾ ಬಂತು. ಮೇಡಂಗೆ ಆ ಉಪ್ಪು ಚಹಾ ಎಂದರೆ ಆಗುತ್ತಿರಲಿಲ್ಲ, ಅವತ್ತು ಗಮನವಿಲ್ಲದೆ ಪೂರ್ತಿ ಕುಡಿದರು.

ಮರಳುವಾಗ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತರು. ಕಲಘಟಗಿ ದಾಟಿದ ಮೇಲೆ ತಾವಾಗಿ ಹೇಳಿದರು.

"ಖರೇ ಹೇಳ್ಲಿ ಸರ? ಸಿಗಲಿ ಅಂತ ನನಗ ಭಾಳ ಆಸೆ ಐತಿ. ನಾ ಕಣ್ಣು ಮುಚ್ಚೂದ್ರೊಳಗ ಸಿಗಲಿ ಅಂತ."

"ತಪ್ಪೇನ್ರಿ ಅದರಾಗ?"

"ಆಸೆ ತಪ್ಪಲ್ರಿ. ಆಸೆ ಅಳತಿ ಮಾಡಬಾರದು. ಸಿಗಲಿಲ್ಲ ಅಂದಾಗೆಲ್ಲಾ ಹೊಟ್ಟ್ಯಾಗ ಕಹಿ ಆಗತೈತಿ. ಅವರು ಸರಿ ನೋಡಿಲ್ಲ, ಮಷೀನ ಕೆಟ್ಟಿರಬೇಕು, ಅಂತ ಮನಸು ನೆವ ಹುಡಕತೈತಿ. ಆವಾಗ ಪೇಡೆ ತರ್ತೇನಿ. ನಾಲ್ಕು ಮಂದಿ ಮುಂದ ಬಾಯಿ ಸಿಹಿ ಮಾಡಿ 'ಸಿಗಲಿಲ್ಲ' ಅಂತ ಅಂದ್ರ ಆತು, ಆಮ್ಯಾಲ ನನಗ ನಾನ ಸುಳ್ಳ ಹೇಳಕೊಳ್ಳಾಕ ಬರೂದಿಲ್ಲ."

ಅಷ್ಟು ವರ್ಷ ಅವರ ಪೇಡೆ ತಿಂದು ನಕ್ಕಿದ್ದೆವು. ಸಿಹಿಯನ್ನು ಹೀಗೆ ಔಷಧದಂತೆ ತಿನ್ನುವವರ ಪಕ್ಕದಲ್ಲಿ ಕೂತಿದ್ದೇನೆಂದು ನನಗೆ ಹೆಮ್ಮೆಯಾಯಿತು. ಹೇಳಿದರೆ ಬೈಯುತ್ತಾರೆಂದು ಕಿಟಕಿಯ ಕಡೆ ತಿರುಗಿದೆ. ನಾನು ಪಾಠ ಮಾಡುವ ಕಾವ್ಯಗಳಲ್ಲಿ ಹುಡುಕುವವರು ಬಹಳ ಜನರಿದ್ದಾರೆ, ಅವರಿಗೆಲ್ಲ ಕೊನೆಗೆ ಸಿಕ್ಕೇ ಸಿಗುತ್ತದೆ. ಸಿಗದಿದ್ದಾಗ ನೇರವಾಗಿ ನಿಲ್ಲುವವರನ್ನು ನಾನು ಕಂಡದ್ದು ಈ ಬಸ್ಸಿನಲ್ಲಿ.

ನಿವೃತ್ತಿಯಾದ ಮರುವರ್ಷ ಅವರಿಗೆ ಕಾಯಿಲೆ ಬಂತು. ಹುಬ್ಬಳ್ಳಿಯಲ್ಲಿ ತಪಾಸಣೆ ಮಾಡಿಸಿ ಬಂದ ದಿನ ನಾನು ಮನೆಗೆ ಹೋಗಿದ್ದೆ. ಡಾಕ್ಟರು ಏನಂದರು ಎಂದು ಕೇಳಿದೆ. "ಈ ಸಲ ಹುಡಕಿದವರಿಗೆ ಸಿಕ್ಕೈತಿ ಸರ" ಎಂದು ನಕ್ಕರು. ನನಗೆ ನಗಲಾಗಲಿಲ್ಲ. "ಗಾಬರಿ ಬ್ಯಾಡ್ರಿ, ಇದಕ್ಕೇನ ಹೋಳಿಗಿ ಹಾಕಸೂದಿಲ್ಲ" ಎಂದು ಅವರೇ ನನಗೆ ಸಮಾಧಾನ ಹೇಳಿದರು. ಒಳಗೆ ಅವ್ವಾರು ಪಾತ್ರೆ ತೊಳೆಯುವ ಸದ್ದು ಬೇಕಾದ್ದಕ್ಕಿಂತ ಜೋರಾಗಿ ಕೇಳುತ್ತಿತ್ತು.

ಕೊನೆಯ ತಿಂಗಳುಗಳಲ್ಲಿ ಹಾಸಿಗೆಯಿಂದ ಏಳುವುದು ಕಷ್ಟವಾಯಿತು. ಜೋಯಿಡಾ ಕಡೆಯ ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಅವರದೇ ಜಾಗದಲ್ಲಿ ಪಾಠ ಮಾಡುವವಳು, ಹೊಸ ಲೇಖನಗಳನ್ನು ತಂದು ಓದಿ ಹೇಳುತ್ತಿದ್ದಳು. ನಾನು ಒಮ್ಮೆ ಬುದ್ಧಿಗೇಡಿಯ ಹಾಗೆ ಅವಳನ್ನು ಬಾಗಿಲಲ್ಲಿ ತಡೆದು, "ಒಂದು ಸಲ ಸಿಕ್ತು ಅಂತ ಹೇಳಿಬಿಡವ್ವಾ, ಸಮಾಧಾನದಿಂದ ಹೋಗ್ಲಿ" ಎಂದೆ. ಅವಳು ನನ್ನನ್ನು ನೋಡಿದ ನೋಟ ಥೇಟು ಮೇಡಂದೇ. "ಸರ್, ನಾನು ಹಾಗೆ ಹೇಳಿದ್ರೆ ಅವರು ಎಷ್ಟು ದೂರದಲ್ಲಿ, ಅಳತೆ ಎಷ್ಟು ತಪ್ಪಿರಬಹುದು ಅಂತ ಕೇಳ್ತಾರೆ. ನಾನೇನು ಹೇಳ್ಲಿ?" ಎಂದಳು. ಅವಳು ಸುಳ್ಳು ಹೇಳಲಿಲ್ಲ. ಮೇಡಂ ಹೋದಾಗ ದಿಕ್ಕು ಸಿಕ್ಕಿರಲಿಲ್ಲ.

ಶಿವಗಣಾರಾಧನೆಯ ದಿನ ಹೋದೆ. ಅಡುಗೆಮನೆಯಲ್ಲಿ ಜಗಳ ನಡೆದಿತ್ತು. ನಮ್ಮಲ್ಲಿ ಸತ್ತವರ ಹೆಸರಿನ ಈ ಊಟಕ್ಕೆ ಸಿಹಿ ಬೇಕೇ ಬೇಕು, ಮೇಡಂ ಅವರ ತಮ್ಮನ ಹೆಂಡತಿಯ ಕಡೆಯ ಬೀಗರು ಹೋಳಿಗೆಗೆಂದು ಬೆಲ್ಲ ಬೇಳೆ ತರಿಸಿಟ್ಟಿದ್ದರು. ಅವ್ವಾರು ಒಲೆಯ ಮುಂದೆ ಅಡ್ಡ ಕೂತಿದ್ದರು.

"ಹೋಳಿಗಿ ಮಾಡಬ್ಯಾಡ್ರಿ. ಪೇಡೆ ತರಸ್ರಿ."

"ಯವ್ವಾ, ಸತ್ತ ಮನ್ಯಾಗ ಪೇಡೆ ಹಂಚ್ತಾರೇನು? ಮಂದಿ ಏನಂದಾರು?" ಎಂದ ಮೇಡಂ ಅವರ ತಮ್ಮ. ಪಾಪ, ಅವನ ಕಣ್ಣುಗಳು ಊದಿಕೊಂಡಿದ್ದವು.

"ಮಂದಿಗೆ ಗೊತ್ತಿಲ್ಲ, ಅಂತಾರ. ನಿನಗ ಗೊತ್ತೈತಲ್ಲ?" ಅವ್ವಾರು ಬೀಗರ ಹೆಂಗಸರ ಕಡೆ ತಿರುಗಿದರು. ಎಂಬತ್ತು ದಾಟಿದ ಜೀವ. "ಒಗ್ಗರಣಿ ಹಾಕಿದ್ರ ಘಾಟು ಪಡಸಾಲಿಗೆ ಬರೂದ್ರಾಗ ಕಡಿಮಿ ಆಗತೈತೇನಿಲ್ಲ? ಹಿತ್ತಲ ಬಾಗಲಾ ತೆರದಿದ್ರ ಇನ್ನೂ ಕಡಿಮಿ. ನನ್ನ ಮಗಳು ಆ ಬಾಗಲಾ ಹುಡಕಾಕತ್ತಿದ್ಲು. ಸಿಕ್ಕ ದಿನ ಹೋಳಿಗಿ ಅಂದಿದ್ಲು. ಸಿಕ್ಕಿಲ್ಲ. ಸಿಕ್ಕಿಲ್ಲಂದ್ರ ಪೇಡೆ. ಇವತ್ತ ಹೋಳಿಗಿ ಬಡಿಸಿದ್ರ ಸುಳ್ಳ ಹೇಳಿಧಂಗ ಆಗತೈತಿ. ಆಕಿ ಹೆಸರಿನ ಊಟದಾಗ ಸುಳ್ಳ ಬ್ಯಾಡ."

ಆ ಮಾತು ಎಷ್ಟು ಜನಕ್ಕೆ ತಿಳಿಯಿತೋ ಗೊತ್ತಿಲ್ಲ, ತಮ್ಮ ಮಾತ್ರ ಸೈಕಲ್ಲು ತೆಗೆದ. ಅವತ್ತು ಎಲೆಗೆ ಪೇಡೆ ಬಿದ್ದಾಗ ಸಾಲಿನಲ್ಲಿ ಕೂತ ನೆಂಟರು ಮುಖ ಮುಖ ನೋಡಿಕೊಂಡರು. ನಮ್ಮ ಕಾಲೇಜಿನವರು ಮಾತ್ರ ಸುಮ್ಮನೆ ತಿಂದೆವು. ಅರ್ಥಶಾಸ್ತ್ರದವರು ಎರಡನೆಯದನ್ನು ಕೇಳಿ ಹಾಕಿಸಿಕೊಂಡು, ಕರವಸ್ತ್ರದಿಂದ ಕಣ್ಣು ಒತ್ತಿಕೊಂಡರು.

ಹೊರಡುವಾಗ ಅವ್ವಾರು ನನ್ನನ್ನು ಕರೆದರು. "ಮಾಸ್ತರ, ನಿಮಗೊಂದು ಮಾತು ಹೇಳಿ ಹೋಗ್ಯಾಳ. ಸುದ್ದಿ ಬರೂದು ನಿಂತಿಲ್ಲ, ಬಂದಾಗ ಮನಿಗೆ ಮುಟ್ಟಸೂದು ನಿಮ್ಮ ಪಾಲಿಗೆ ಅಂತ."

ಒಪ್ಪಿಕೊಂಡೆ. 'ಯಾವತ್ತು ಬಿಡ್ತೀರಿ' ಎಂದು ಭಿಕ್ಷು ಕೇಳಿದ ಪ್ರಶ್ನೆಗೆ ಮೇಡಂ ಉತ್ತರ ಕೊಡಲಿಲ್ಲವೆಂದು ಬರೆದೆನಲ್ಲ, ಇದೇ ಉತ್ತರವಿರಬೇಕು.

ಮೊನ್ನೆ ಜೋಯಿಡಾದ ಹುಡುಗಿ ಫೋನ್ ಮಾಡಿದಳು. ಮತ್ತಷ್ಟು ಹತ್ತಿರ ಹೋಗಿ ಅಳೆದಿದ್ದಾರಂತೆ. ಏನೆಂದು ನಾನು ಕೇಳಲಿಲ್ಲ, ಅವಳ ದನಿಯಲ್ಲೇ ಇತ್ತು. ಸಂಜೆ ಪೇಡೆಯ ಡಬ್ಬಿ ಹಿಡಿದು ಹೋದೆ. ಬಾಗಿಲು ತೆರೆದ ಅವ್ವಾರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು.

"ಸಿಗಲಿಲ್ಲೇನ್ರಿ ಮಾಸ್ತರ?"

"ಇಲ್ರಿ ಅವ್ವಾರ."

ಡಬ್ಬಿ ಇಸಿದುಕೊಂಡು ಒಂದು ಪೇಡೆ ಮುರಿದು ಅರ್ಧ ನನಗೆ ಕೊಟ್ಟರು, ಅರ್ಧ ತಾವು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ತಿಂದರು. ಆಮೇಲೆ ಹೇಳಿದರು:

"ಕಡ್ಲಿಬ್ಯಾಳಿ ಹುಳಾ ಬೀಳ್ತಾವಂತ ನಿನ್ನೆ ಬಿಸಲಿಗೆ ಹಾಕಿ ಮತ್ತ ಡಬ್ಬಿಗೆ ತುಂಬಿಟ್ಟೇನಿ. ಸಿಕ್ಕ ದಿನ ಮುಂಜಾನಿನ ಹೇಳ್ರಿ ಮತ್ತ. ಬ್ಯಾಳಿ ಬೇಯಾಕ ಹೊತ್ತು ಬೇಕು."